ತಾರಸಿ ತಂಪಾಗಲಿಲ್ಲ, ಪೇಪರ್ ಮಾತ್ರ ನೆನೆಯಿತು: ಮಿಸ್ಟಿಂಗ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಮೂರು ಬೇಸಿಗೆ ಹಿಂದೆ ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ತಾರಸಿಗೆ ಒಂದು ಮಿಸ್ಟಿಂಗ್ ಕಿಟ್ ತಂದೆ, ನೀರನ್ನು ಮಂಜಿನಂಥ ಸಣ್ಣ ಹನಿಯಾಗಿ ಚಿಮ್ಮಿಸಿ ಗಾಳಿ ತಂಪು ಮಾಡುವ ಸಾಮಾನು. ಹನಿ ಚಿಮ್ಮುವ ಹತ್ತು ನಾಝಲ್, ಹದಿನೈದು ಮೀಟರ್ ಕಪ್ಪು ಪೈಪು, ನಲ್ಲಿಗೆ ಸಿಕ್ಕಿಸಲು ಒಂದು ಕನೆಕ್ಟರ್. ಮಧ್ಯಾಹ್ನ ಊಟ ಆದಮೇಲೆ ಅಪ್ಪ ಅಲ್ಲಿ ಶೀಟಿನ ನೆರಳಿನಲ್ಲಿ ಕೂತು ಪೇಪರ್ ಓದುತ್ತಾರೆ. ಅವರಿಗೆ ತಂಪಾಗಿರಲಿ ಅಂತ. ನಲ್ಲಿ ತಿರುಗಿಸಿದೆ. ಮಂಜು ಬರಲಿಲ್ಲ. ಹತ್ತೂ ನಾಝಲ್‌ನಿಂದ ತೊಟ್ಟು ತೊಟ್ಟಾಗಿ ನೀರು ಬಿತ್ತು. ಐದು ನಿಮಿಷಕ್ಕೆ ಪೇಪರ್ ಮುದ್ದೆಯಾಯಿತು.

"ಇದಕ್ಕೆ ಯಾಕೋ ದುಡ್ಡು ಕೊಟ್ಟೆ? ಟವೆಲ್ ಹಿಂಡದೆ ತಲೆ ಮೇಲೆ ನೇತು ಹಾಕಿದ್ರೆ ಇಷ್ಟೇ ಆಗ್ತಿತ್ತಲ್ಲ" ಅಂದರು ಅಪ್ಪ.

ಆ ಬೇಸಿಗೆ ಪೂರ್ತಿ ನಾನು ತಪ್ಪು ಜಾಗದಲ್ಲಿ ಹುಡುಕಿದೆ. ನಾಝಲ್ ಬದಲಿಸಿದೆ. ಮತ್ತೆ ಬದಲಿಸಿದೆ. ನಾಝಲ್‌ಗಳದ್ದು ಏನೂ ತಪ್ಪಿರಲಿಲ್ಲ. ಆಮೇಲೆ ಭಾವನ ಮನೆಯದ್ದು, ಗೆಳೆಯನೊಬ್ಬನ ದರ್ಶಿನಿ ಮುಂದಿನದ್ದು, ಹೀಗೆ ನಾಲ್ಕೈದು ಕಡೆ ಕೈ ಹಾಕಿ ಒಂದು ಮಾತು ಕಲಿತೆ. 'ತಂಪಾಗ್ತಿಲ್ಲ' ಮತ್ತು 'ಎಲ್ಲಾ ಒದ್ದೆಯಾಗ್ತಿದೆ' ಅನ್ನುವುದು ಎರಡು ದೂರಲ್ಲ, ಒಂದೇ. ಹನಿ ನೆಲ ಮುಟ್ಟುವ ಮೊದಲು ಗಾಳಿಯಲ್ಲಿ ಆರಿಹೋಗಬೇಕಿತ್ತು, ಆರಲಿಲ್ಲ. ಯಾಕೆ ಆರಲಿಲ್ಲ ಅಂತ ಹುಡುಕಿದರೆ ಅರ್ಧ ರಿಪೇರಿ ಆದಂತೆ.

ಸ್ಪ್ಯಾನರ್ ಹಿಡಿಯುವ ಮೊದಲು: ಒದ್ದೆ ಬಟ್ಟೆ ಪರೀಕ್ಷೆ

ನೀರು ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಶಾಖ ಎಳೆದುಕೊಳ್ಳುತ್ತದೆ. ಒಂದು ಲೀಟರ್ ಪೂರ್ತಿ ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ಬೇರೆ ಲೆಕ್ಕದಲ್ಲಿ ಹೇಳುವುದಾದರೆ, ಗಂಟೆಗೆ ಐದು ಲೀಟರ್ ನೀರು ನಿಜವಾಗಿ ಗಾಳಿಯಲ್ಲಿ ಆರಿದರೆ ಅದು ಒಂದು ಟನ್ ಎಸಿಯಷ್ಟು ಶಾಖ ಎಳೆಯುತ್ತದೆ. ಕೇಳೋಕೆ ಭಾರಿ ಅನಿಸುತ್ತದೆ, ಅಲ್ವಾ? ಆದರೆ ಆರಬೇಕು. ನೆಲಕ್ಕೆ ಬಿದ್ದ ನೀರು ಈ ಲೆಕ್ಕಕ್ಕೆ ಬರುವುದಿಲ್ಲ.

ಗಾಳಿ ಇನ್ನೂ ಎಷ್ಟು ತೇವ ಕುಡಿಯುತ್ತದೆ ಅಂತ ತಿಳಿಯಲು ಎರಡು ಸಾದಾ ಥರ್ಮಾಮೀಟರ್ ಸಾಕು. ಗೋಡೆಗೆ ನೇತು ಹಾಕುವಂಥದ್ದು, ಜ್ವರ ನೋಡುವುದಲ್ಲ. ಒಂದರ ತುದಿಗೆ ಹಳೆ ಪಂಚೆಯ ತುಂಡು ಸುತ್ತಿ ನೀರಲ್ಲಿ ಅದ್ದಿ. ಎರಡನ್ನೂ ನೆರಳಿನಲ್ಲಿ ಟೇಬಲ್ ಫ್ಯಾನ್ ಮುಂದೆ ಹತ್ತು ನಿಮಿಷ ಇಡಿ. ಒಣಗಿದ್ದು ಮತ್ತು ಒದ್ದೆಯದ್ದರ ನಡುವಿನ ವ್ಯತ್ಯಾಸವೇ ಆ ದಿನ ನಿಮಗೆ ಸಿಗಬಹುದಾದ ತಂಪಿನ ಮೇಲಿನ ಗಡಿ. ಎಷ್ಟೇ ದುಬಾರಿ ಪಂಪ್ ಹಾಕಿದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ತೆರೆದ ತಾರಸಿಯಲ್ಲಿ ಅದರ ಅರ್ಧ ಸಿಕ್ಕರೂ ನಾನು ಖುಷಿಪಡುತ್ತೇನೆ.

ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ, ತೇವಾಂಶ ಶೇಕಡಾ 25 ಅಂತಿಟ್ಟುಕೊಳ್ಳಿ. ಒದ್ದೆ ಥರ್ಮಾಮೀಟರ್ ಸುಮಾರು 20ರಿಂದ 21 ತೋರಿಸುತ್ತದೆ. ಹದಿನಾಲ್ಕು ಡಿಗ್ರಿ ಅಂತರ. ಮಿಸ್ಟಿಂಗ್‌ಗೆ ಹೇಳಿ ಮಾಡಿಸಿದ ಹವೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಯಿತಲ್ಲ, ಅಂಥ ಒಣ ಬಿಸಿಲಿಗೇ ಇದು ಇರುವುದು. ಅದೇ ಜುಲೈನಲ್ಲಿ 28 ಡಿಗ್ರಿ, ತೇವಾಂಶ ಶೇಕಡಾ 70 ಇದ್ದರೆ ಅಂತರ ನಾಲ್ಕೇ ನಾಲ್ಕು. ಆಗ ಹಾಕಿದರೆ ಮೈ ಜಿಗುಟಾಗುತ್ತದೆ ಅಷ್ಟೇ. ಅಂತರ ಆರಕ್ಕಿಂತ ಕಡಿಮೆ ಇದ್ದರೆ ನಾನು ಸಿಸ್ಟಮ್ ಆಫ್ ಮಾಡಿ ಫ್ಯಾನ್ ಹಾಕುತ್ತೇನೆ. ಅದು ದೋಷವಲ್ಲ, ಹವೆ.

ಇನ್ನೊಂದು. ಬಿಸಿಲು ನೇರ ಮೈಮೇಲೆ ಬೀಳುತ್ತಿದ್ದರೆ ಮಿಸ್ಟಿಂಗ್ ಕೆಲಸ ಮಾಡಿದರೂ ಮಾಡಿದ ಹಾಗೆ ಅನಿಸುವುದಿಲ್ಲ. ಮೊದಲು ನೆರಳು, ಆಮೇಲೆ ಮಂಜು. ಸುತ್ತಲೂ ಪ್ಲಾಸ್ಟಿಕ್ ಹಾಳೆ ಕಟ್ಟಿ ಮುಚ್ಚಿಬಿಟ್ಟಿದ್ದರೂ ತೊಂದರೆ. ಒಳಗಿನ ಗಾಳಿ ಹತ್ತು ನಿಮಿಷಕ್ಕೇ ತೇವ ತುಂಬಿಕೊಂಡು ಮುಂದಿನ ಹನಿ ಆರಲು ಬಿಡುವುದಿಲ್ಲ. ದರ್ಶಿನಿ ಗೆಳೆಯನ ಸಮಸ್ಯೆ ಇದೇ ಆಗಿತ್ತು. ಎರಡು ಬದಿಯ ಹಾಳೆ ಸುತ್ತಿ ಮೇಲೆ ಕಟ್ಟಿದೆವು, ಒಂದು ಪೈಸೆ ಖರ್ಚಾಗಲಿಲ್ಲ.

ಎಲ್ಲಾ ನಾಝಲ್‌ನಿಂದಲೂ ತೊಟ್ಟು ಬೀಳುತ್ತಿದೆ

ಹವೆ ಚೆನ್ನಾಗಿದ್ದೂ ನೆನೆಯುತ್ತಿದ್ದರೆ ನಾಝಲ್‌ಗಳನ್ನು ಒಮ್ಮೆ ಸುಮ್ನೆ ನಿಂತು ನೋಡಿ. ಎಲ್ಲವೂ ತೊಟ್ಟಿಕ್ಕುತ್ತಿವೆಯಾ, ಕೊನೆಯ ಮೂರು ನಾಲ್ಕು ಮಾತ್ರವಾ, ಎಲ್ಲೋ ನಡುವೆ ಒಂದೇ ಒಂದಾ? ಈ ಮೂರೂ ಬೇರೆ ಬೇರೆ ಕಾಯಿಲೆ. ನಾನು ಇದನ್ನು ನೋಡದೆಯೇ ನಾಝಲ್ ಕೊಂಡಿದ್ದು.

ಎಲ್ಲವೂ ಅಂದರೆ ಒತ್ತಡ ಕಡಿಮೆ. ನಮ್ಮಲ್ಲಿ ಇದಕ್ಕೆ ಒಂದೇ ದೊಡ್ಡ ಕಾರಣ: ಓವರ್‌ಹೆಡ್ ಟ್ಯಾಂಕ್. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಒಂದು ಬಾರ್ ಒತ್ತಡ ಸಿಗುತ್ತದೆ. ನಮ್ಮ ಟ್ಯಾಂಕ್ ಇರುವುದು ತಾರಸಿಯ ಮೇಲೇ, ಸ್ಟ್ಯಾಂಡ್ ಸೇರಿಸಿ ನಲ್ಲಿಯಿಂದ ಎರಡೂವರೆ ಮೀಟರ್ ಎತ್ತರ. ಅಂದರೆ ಕಾಲು ಬಾರ್. ನಲ್ಲಿಗೆ ಸಿಕ್ಕಿಸುವ ಕಿಟ್‌ಗಳಿಗೆ ಕನಿಷ್ಠ ಎರಡು ಮೂರು ಬಾರ್ ಬೇಕು. ಮುಖ್ಯ ಕೊಳಾಯಿಯಿಂದಲೇ ಒತ್ತಡದಲ್ಲಿ ನೀರು ಬರುವ ಊರುಗಳಿಗೆ ಮಾಡಿದ ಸಾಮಾನು ಅದು. ನೆಲದಡಿಯ ಸಂಪ್‌ಗೆ ಬಿಟ್ಟುಕೊಂಡು, ಮೋಟಾರ್ ಹಾಕಿ, ಮೇಲೆ ತುಂಬಿಸಿ ಬಳಸುವ ನಮ್ಮ ಮನೆಗಳಿಗಲ್ಲ. ಮೂರಂತಸ್ತಿನ ಮನೆಯ ನೆಲ ಅಂತಸ್ತಿನ ಅಂಗಳದಲ್ಲೂ ಒಂದು ಬಾರ್ ಸಿಕ್ಕರೆ ಹೆಚ್ಚು. ಮಾರಿದವರು ಇದನ್ನು ಕೇಳಲೂ ಇಲ್ಲ, ಹೇಳಲೂ ಇಲ್ಲ. ನಾನೂ ಕೇಳಲಿಲ್ಲ ಬಿಡಿ.

ಒತ್ತಡ ಯಾಕೆ ಇಷ್ಟು ಮುಖ್ಯ? ಹನಿಯ ಗಾತ್ರ ಅದರ ಮೇಲೆ ನಿಂತಿದೆ. ಹನಿ ಆರಲು ಬೇಕಾದ ಹೊತ್ತು ಅದರ ಅಗಲದ ವರ್ಗದ ಲೆಕ್ಕದಲ್ಲಿ ಏರುತ್ತದೆ. 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಹನಿಗಿಂತ 50 ಮೈಕ್ರಾನ್ ಹನಿ ಆರಲು ಐದು ಪಟ್ಟಲ್ಲ, ಇಪ್ಪತ್ತೈದು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಅದು ಅಪ್ಪನ ಪೇಪರ್ ಮೇಲೆ ಕೂತಿರುತ್ತದೆ. ಹೋಟೆಲು, ರೆಸಾರ್ಟ್‌ಗಳಲ್ಲಿ ಹೊಗೆಯಂತೆ ತೇಲುವ ಮಂಜು ಕಾಣುತ್ತದಲ್ಲ, ಅದು ಸುಮಾರು 70 ಬಾರ್‌ನಲ್ಲಿ ಓಡುವ ಪ್ಲಂಜರ್ ಪಂಪಿನದ್ದು. ಮನೆಗೆ ಅಷ್ಟು ಬೇಡ. ಐದರಿಂದ ಹತ್ತು ಬಾರ್ ಕೊಡುವ ಸಣ್ಣ ಡಯಾಫ್ರಾಮ್ ಪಂಪ್ ಸಾಕು. ನೀರಿನ ಫಿಲ್ಟರ್‌ಗೆ ಹಾಕುವ ಆರ್‌ಓ ಬೂಸ್ಟರ್ ಪಂಪ್ ಕೂಡ ಇದೇ ಜಾತಿ. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುತ್ತಾಡಿದರೆ ಇಂಥವು ಸಿಗುತ್ತವೆ. ಪಂಪ್ ಆದಮೇಲೆ ಒಂದು ಪ್ರೆಶರ್ ಗೇಜ್ ಹಾಕಿಸಿ. ಗೇಜ್ ಇಲ್ಲದೆ ದೋಷ ಹುಡುಕುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹುಡುಕಿದ ಹಾಗೆ.

ಪಂಪ್ ಇದ್ದೂ ಗೇಜ್ ಏರುತ್ತಿಲ್ಲವಾ? ನಾಝಲ್ ಜಾಸ್ತಿಯಾಗಿರಬಹುದು. ಒಂದು ನಾಝಲ್‌ನ ಬಾಯಿ ಬಾಟಲಿಯೊಳಗೆ ಇಟ್ಟು ಆರು ನಿಮಿಷ ಓಡಿಸಿ. ಬಿದ್ದ ನೀರನ್ನು ಅಳೆದು ಹತ್ತರಿಂದ ಗುಣಿಸಿದರೆ ಒಂದು ಗಂಟೆಯ ಲೆಕ್ಕ. ನನ್ನದು ನಾಲ್ಕು ಲೀಟರ್ ಬಂತು. ಹತ್ತು ನಾಝಲ್‌ಗೆ ಗಂಟೆಗೆ 40, ಅಂದರೆ ನಿಮಿಷಕ್ಕೆ ಮುಕ್ಕಾಲು ಲೀಟರ್‌ಗಿಂತ ಸ್ವಲ್ಪ ಕಡಿಮೆ. ಪಂಪ್ ಅಷ್ಟನ್ನು ಒತ್ತಡದ ಕೆಳಗೂ ಕೊಡಬೇಕು. ಡಬ್ಬಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ಬಾಯಿ ಬಿಟ್ಟು ಓಡಿಸಿದಾಗಿನ ಸಂಖ್ಯೆ, ಒತ್ತಡ ಏರಿದಂತೆ ಅದು ಇಳಿಯುತ್ತದೆ. ಸಾಲದೇ ಬಂದರೆ ಎರಡು ನಾಝಲ್ ತೆಗೆದು ಅಲ್ಲಿ ಮುಚ್ಚಳ ಹಾಕಿ ನೋಡಿ. ಗೇಜ್ ಏರಿತಾ? ಹಾಗಾದರೆ ದೋಷ ಸಿಕ್ಕಿತು. ನಾನೀಗ ಏಳರಲ್ಲೇ ಇದ್ದೇನೆ, ಹತ್ತಕ್ಕಿಂತ ತಂಪಾಗಿದೆ.

ಭಾವನ ಮನೆಯಲ್ಲಿ ಪಂಪ್ ಸರಿ ಇತ್ತು, ನಾಝಲ್ ಆರೇ, ಆದರೂ ಮಂಜಿಲ್ಲ. ಪ್ಲಂಬರ್ ಬಂದು "ಪಂಪ್ ಹೋಗಿದೆ ಸರ್, ಬೇರೆ ಹಾಕ್ಬೇಕು" ಅಂದಿದ್ದ. ಭಾವ ದುಡ್ಡು ಎಣಿಸಲು ಶುರು ಮಾಡಿದ್ದರು. ಪಂಪ್ 12 ವೋಲ್ಟಿನದು, ಐದು ಆಂಪಿಯರ್ ಎಳೆಯುತ್ತದೆ. ಅಡಾಪ್ಟರ್ ಒಳಗಿಟ್ಟು ಹತ್ತು ಮೀಟರ್ ತೆಳ್ಳನೆಯ ವೈರಿನಲ್ಲಿ ಹೊರಗೆ ಎಳೆದಿದ್ದರು. 0.5 ಚದರ ಮಿಲಿಮೀಟರ್ ವೈರಿನಲ್ಲಿ ಅಷ್ಟು ದೂರಕ್ಕೆ ಮೂರು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ಪಂಪಿಗೆ ಸಿಗುತ್ತಿದ್ದದ್ದು ಎಂಟೂ ಚಿಲ್ಲರೆ. ಪಂಪ್ ಓಡುತ್ತಿರುವಾಗಲೇ ಅದರ ತುದಿಯಲ್ಲಿ ಮಲ್ಟಿಮೀಟರ್ ಇಟ್ಟಿದ್ದರಿಂದ ಗೊತ್ತಾಯಿತು. ನಿಲ್ಲಿಸಿ ಅಳೆದರೆ ಪೂರ್ತಿ ಹನ್ನೆರಡೇ ತೋರಿಸುತ್ತದೆ, ಮೋಸ ಹೋಗುತ್ತೀರಿ. 2.5 ಚದರ ಮಿಲಿಮೀಟರ್ ವೈರ್ ಹಾಕಿದ ಮೇಲೆ ಅದೇ ಪಂಪ್ ಇವತ್ತಿಗೂ ಓಡುತ್ತಿದೆ.

ಕೊನೆಯ ಕೆಲವು ಮಾತ್ರ ಸೋಮಾರಿಗಳು

ಮೊದಲ ನಾಝಲ್‌ಗಳಲ್ಲಿ ಒಳ್ಳೆ ಮಂಜು, ತುದಿಯವು ತೊಟ್ಟಿಕ್ಕುತ್ತವೆ. ಪೈಪು ಉದ್ದವಾಯಿತು ಅಥವಾ ಸಣ್ಣದಾಯಿತು ಅಂತ ಅರ್ಥ. ಪೈಪಿನ ಎರಡೂ ತುದಿಯನ್ನು ಒಂದು ಟೀ ಜಾಯಿಂಟಿಗೆ ತಂದು ಬಳೆಯ ಹಾಗೆ ಸುತ್ತು ಮಾಡಿ, ನೀರು ಎರಡೂ ಕಡೆಯಿಂದ ಹೋಗಲಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಮೂಲೆಯಲ್ಲಿ ಪೈಪು ಮಡಚಿಕೊಂಡಿದೆಯಾ ಅಂತಲೂ ಕೈಯಾಡಿಸಿ ನೋಡಿ.

ಅಲ್ಲೊಂದು ಇಲ್ಲೊಂದು ಕಟ್ಟಿಕೊಂಡಿದೆ

ಇದು ನೀರಿನ ಕಥೆ, ಬೆಂಗಳೂರಿನಲ್ಲಿ ಇದೇ ದೊಡ್ಡ ಕಥೆ.

ಹಾಕಿದ ಮೊದಲ ದಿನವೇ ಕಟ್ಟಿಕೊಂಡರೆ ನೀರನ್ನು ಬಯ್ಯಬೇಡಿ. ಪೈಪು ಕತ್ತರಿಸಿದಾಗ ಉದುರಿದ ಪ್ಲಾಸ್ಟಿಕ್ ಚೂರು, ಟೆಫ್ಲಾನ್ ಟೇಪಿನ ಎಳೆ ಅದು. ಎಲ್ಲಾ ನಾಝಲ್ ಬಿಚ್ಚಿ, ಬರೀ ಪೈಪಿನಲ್ಲಿ ಐದು ನಿಮಿಷ ನೀರು ಹರಿಸಿ, ಆಮೇಲೆ ನಾಝಲ್ ಹಾಕಿ.

ಎರಡು ಮೂರು ವಾರ ಚೆನ್ನಾಗಿ ಓಡಿ ಆಮೇಲೆ ಮಂಜು ಒಂದು ಪಕ್ಕಕ್ಕೆ ವಾಲಿದರೆ, ಪಿಚಕಾರಿ ಹಾಗೆ ಗೆರೆ ಹೊಡೆದರೆ, ಬಾಯಿಯ ಸುತ್ತ ಬಿಳಿ ಉಂಗುರ ಕಾಣಿಸಿದರೆ ಅದು ಗಡಸು ನೀರು. ಕಾವೇರಿ ನೀರಿಗಿಂತ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಸ್ನಾನದಲ್ಲಿ ಸೋಪು ನೊರೆ ಬರುವುದಿಲ್ಲ, ಗೀಸರ್ ಕಾಯಿಲ್ ಬೆಳ್ಳಗಾಗುತ್ತದೆ ಅನ್ನುವ ಮನೆಗಳಲ್ಲಿ ನಾಝಲ್‌ಗೂ ಅದೇ ಗತಿ. ಸಿಸ್ಟಮ್ ನಿಲ್ಲಿಸಿದ ಪ್ರತಿ ಸಲ ತುದಿಯಲ್ಲಿ ಉಳಿದ ಹನಿ ಒಣಗಿ ಒಂದು ಪದರ ಸುಣ್ಣ ಬಿಟ್ಟುಹೋಗುತ್ತದೆ.

ಪಿನ್ನು, ಸೂಜಿ ಹಾಕಿ ಚುಚ್ಚಬೇಡಿ. ತೂತು ಒಂದು ಮಿಲಿಮೀಟರ್‌ನ ಕಾಲು ಭಾಗ, ಮೂರನೇ ಒಂದು ಭಾಗ ಇರುತ್ತದೆ ಅಷ್ಟೇ. ಒಂದು ಗೀರು ಬಿದ್ದರೂ ಆಮೇಲೆ ಎಂದೂ ಸರಿಯಾಗಿ ಚದುರುವುದಿಲ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಿಗುತ್ತದೆ. ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಹಾಕಿ, ನಾಝಲ್‌ಗಳನ್ನು ಅರ್ಧ ಗಂಟೆ ಮುಳುಗಿಸಿಡಿ. ಸಣ್ಣ ಗುಳ್ಳೆ ಏಳುತ್ತಿದ್ದರೆ ಸುಣ್ಣ ಕರಗುತ್ತಿದೆ ಅಂತ ಲೆಕ್ಕ. ಹಳೆ ಹಲ್ಲುಜ್ಜುವ ಬ್ರಶ್‌ನಲ್ಲಿ ಹೊರಗಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಹಾಕಿ. ರಾತ್ರಿಯೆಲ್ಲ ಮರೆತುಬಿಟ್ಟರೆ ಹಿತ್ತಾಳೆ ಬಣ್ಣಗೆಡುತ್ತದೆ. ನಮ್ಮದು ಗುಲಾಬಿ ಬಣ್ಣಕ್ಕೆ ತಿರುಗಿ ಈಗಲೂ ಹಾಗೇ ಇದೆ.

ಗಿಡದ ಎಲೆ, ಕಿಟಕಿ ಗಾಜು, ಕೆಳಗೆ ನಿಂತ ಸ್ಕೂಟರ್ ಮೇಲೆ ಬಿಳಿ ಪುಡಿ ಕೂತರೂ ಕಾರಣ ಅದೇ. ಲೆಕ್ಕ ಹಾಕಿ ನೋಡಿ. ಟಿಡಿಎಸ್ (ಒಂದು ಲೀಟರ್ ನೀರಿನಲ್ಲಿ ಕರಗಿರುವ ಉಪ್ಪು, ಮಿಲಿಗ್ರಾಂ ಲೆಕ್ಕದಲ್ಲಿ) 500 ಇರುವ ನೀರು, ದಿನಕ್ಕೆ 80 ಲೀಟರ್. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ 40 ಗ್ರಾಂ ಪುಡಿ ಎಲ್ಲಿಗೆ ಹೋಗಬೇಕು?

ಇಲ್ಲೇ ಒಂದು ತಪ್ಪು ತುಂಬ ಜನ ಮಾಡುತ್ತಾರೆ. ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಮಿಸ್ಟಿಂಗ್‌ಗೆ ಹಾಕುವುದು. ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಉಪ್ಪು ಮೂಲ ನೀರಿಗಿಂತ ಜಾಸ್ತಿ. ನೆಲ ಒರೆಸಲು ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ ನೀರಂತೂ (ಶುದ್ಧೀಕರಿಸಿದ ಕೊಳಚೆ ನೀರು) ಬೇಡವೇ ಬೇಡ. ಗಿಡದ ಬುಡಕ್ಕೆ ಹಾಕುವ ನೀರು ಬೇರೆ, ಉಸಿರಿನೊಳಗೆ ಹೋಗುವ ಮಂಜು ಬೇರೆ.

ಎಲ್ಲಕ್ಕಿಂತ ಒಳ್ಳೆಯದು ಮಳೆನೀರು, ಅದರಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನುವಷ್ಟು. 30-40 ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲು 2009ರ ಕಾನೂನಿನಿಂದಲೇ ಕಡ್ಡಾಯ. ಏಪ್ರಿಲ್‌ನ ಒಂದು ಮಾವಿನ ಮಳೆಗೆ ಇನ್ನೂರು ಲೀಟರ್ ಡ್ರಮ್ ತುಂಬುತ್ತದೆ, ನಮಗೆ ಮೂರು ನಾಲ್ಕು ದಿನ ಬರುತ್ತದೆ. ಮೊದಲ ನೀರು ಬಿಟ್ಟು ಆಮೇಲಿನದನ್ನು ಹಿಡಿದು, ಡ್ರಮ್‌ನ ಬಾಯಿ ಬಿಗಿಯಾಗಿ ಮುಚ್ಚಿಡಿ. ನೀರಿನ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಾಡಿ ತೊಳೆಯಲು, ಗಿಡಗಳಿಗೆ, ಕಾರಂಜಿಗೆ ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ಅಂಥ ಬೇಸಿಗೆಯಲ್ಲಿ ಬೀದಿಯವರೆಲ್ಲ ಟ್ಯಾಂಕರ್‌ಗೆ ಕಾಯುವಾಗ ನಾವು ಮೇಲೆ ಮಂಜು ಹಾರಿಸಿಕೊಂಡು ಕೂರುವುದು ಚೆನ್ನಾಗಿರುವುದಿಲ್ಲ. ಆ ವರ್ಷ ನಮ್ಮ ಕಿಟ್ ಅಟ್ಟದ ಮೇಲೇ ಇತ್ತು.

ಟ್ಯಾಂಕರ್ ನೀರು ಹಾಕಿಸಿದ ಮಾರನೇ ದಿನ ಒಮ್ಮೆಗೇ ಎಲ್ಲ ನಿಧಾನವಾದರೆ ನೀರು ಸೋಸುವ ಫಿಲ್ಟರ್ ಕ್ಯಾಂಡಲ್ ನೋಡಿ, ಮಣ್ಣು ಬಂದಿರುತ್ತದೆ. ನಾಝಲ್ ಬಿಚ್ಚಿಟ್ಟು, ಕ್ಯಾಂಡಲ್ ತೆಗೆದು, ಬಕೆಟ್‌ಗೆ ನೀರು ಬಿಟ್ಟು ನೋಡಿ. ಧಾರೆ ಜೋರಾದರೆ ಕ್ಯಾಂಡಲ್ ಬದಲಿಸುವ ಹೊತ್ತಾಯಿತು. ಆರ್‌ಓಗೆ ಹಾಕುವ 5 ಮೈಕ್ರಾನ್ ಕ್ಯಾಂಡಲ್ಲೇ ಸಾಕು.

ಪಂಪ್ ಟಕ್ ಟಕ್ ಅಂತ ನಿಂತು ನಿಂತು ಓಡುತ್ತದೆ

ಒತ್ತಡ ಏರಿದಾಗ ಪ್ರೆಶರ್ ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ, ಇಳಿದಾಗ ಓಡಿಸುತ್ತದೆ. ಎರಡು ಸೆಕೆಂಡಿಗೊಮ್ಮೆ ಹೀಗಾದರೆ ಪಂಪ್ ದೊಡ್ಡದಾಯಿತು, ನಾಝಲ್ ಕಡಿಮೆಯಾಯಿತು, ಅಥವಾ ಅರ್ಧ ನಾಝಲ್ ಕಟ್ಟಿಕೊಂಡಿವೆ. ನಲ್ಲಿ ಮುಚ್ಚಿದ್ದರೂ ಆಗಾಗ ಓಡುತ್ತಿದ್ದರೆ ಎಲ್ಲೋ ಸೋರಿಕೆ. ಒಣಗಿದ ಪೇಪರ್ ಹಾಳೆಯನ್ನು ಜಾಯಿಂಟ್‌ಗಳ ಕೆಳಗೆ ಹಿಡಿದುಕೊಂಡು ಹೋಗಿ. ಪಂಪ್ ಓಡುತ್ತದೆ, ಗರಗರ ಸದ್ದು, ನೀರೇ ಇಲ್ಲ ಅಂದರೆ ಗಾಳಿ ಹಿಡಿದಿದೆ. ತುದಿಯ ಮುಚ್ಚಳ ತೆಗೆದು ಗಾಳಿ ಹೋಗುವವರೆಗೆ ಓಡಿಸಿ. ಮತ್ತೆ ಮತ್ತೆ ಹೀಗಾದರೆ ಪಂಪಿಗೆ ನೀರು ಎಳೆಯುವ ಕಡೆಯ ಜಾಯಿಂಟ್ ಗಾಳಿ ಕುಡಿಯುತ್ತಿದೆ, ಅಲ್ಲಿ ಹೊರಗೆ ನೀರು ಸೋರುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಆಫ್ ಮಾಡಿದ ಮೇಲೂ ತೊಟ್ಟು ನಿಲ್ಲುವುದಿಲ್ಲ

ಪೈಪಿನಲ್ಲಿ ಉಳಿದ ನೀರು ತಗ್ಗಿನ ನಾಝಲ್‌ನಿಂದ ಇಳಿಯುತ್ತಿರುತ್ತದೆ. ಕುರ್ಚಿ ಇಲ್ಲದ ಮೂಲೆಯಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿ ಒಂದು ಸಣ್ಣ ವಾಲ್ವ್ ಹಾಕಿ ಬಕೆಟ್‌ಗೆ ಬಿಡಿ. ಹನಿ ತಡೆಯುವ ವಾಲ್ವ್ ಇರುವ ನಾಝಲ್‌ಗಳೂ ಬರುತ್ತವೆ. ಆದರೆ ಅವುಗಳ ಸ್ಪ್ರಿಂಗ್ ತೆರೆಯಲು ಒತ್ತಡ ಬೇಕು. ಬರೀ ಟ್ಯಾಂಕಿನ ನೀರಿಗೆ ಅದನ್ನು ಹಾಕಿದರೆ ತೊಟ್ಟೂ ಇಲ್ಲ, ಮಂಜೂ ಇಲ್ಲ.

ಕರೆಂಟ್ ಟ್ರಿಪ್ ಆಗುತ್ತಿದೆ

ಇಲ್ಲಿ ಸಾಹಸ ಬೇಡ. ಪಂಪಿನ ಪ್ಲಗ್ ತೆಗೆದ ಮೇಲೂ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೆ ಮನೆಯ ವೈರಿಂಗ್. ಪ್ಲಗ್ ಹಾಕಿದ ತಕ್ಷಣ ಬಿದ್ದರೆ ಪಂಪ್ ಅಥವಾ ಅಡಾಪ್ಟರ್. ಹತ್ತು ನಿಮಿಷ ಓಡಿದ ಮೇಲೆ ಬಿದ್ದರೆ ಮಂಜು ಯಾವುದೋ ಸಾಕೆಟ್‌ಗೆ ಇಳಿಯುತ್ತಿದೆ. ಇಷ್ಟು ನೋಡಿಕೊಂಡು ಎಲೆಕ್ಟ್ರಿಷಿಯನ್‌ಗೆ ಹೇಳಿ. 230 ವೋಲ್ಟ್ ಒಳಗೇ ಇರಲಿ, ಹೊರಗೆ ಬರುವುದು 12 ಅಥವಾ 24 ವೋಲ್ಟ್ ಮಾತ್ರ. ಬೀಳುತ್ತದೆ ಅಂತ ಆರ್‌ಸಿಸಿಬಿ ಬೈಪಾಸ್ ಮಾಡಿಸಿದ ಮನೆಯೊಂದನ್ನು ನೋಡಿದ್ದೇನೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಮಕ್ಕಳು ಓಡಾಡುತ್ತಿದ್ದರು.

ಮೊದಲ ಮಂಜಿಗೆ ವಾಸನೆ

ಒಂದು ವಾರ ನಿಲ್ಲಿಸಿ ಮತ್ತೆ ಹಾಕಿದಾಗ ಪಾಚಿಯ ವಾಸನೆ ಬಂದರೆ ತಕ್ಷಣ ಆಫ್ ಮಾಡಿ. ಬಿಸಿಲಿಗೆ ಬಿದ್ದ ಪೈಪಿನಲ್ಲಿ ನಿಂತ ಬೆಚ್ಚಗಿನ ನೀರು ಬ್ಯಾಕ್ಟೀರಿಯಾಗೆ ತೊಟ್ಟಿಲು. ಲೀಜಿಯೊನೆಲ್ಲಾ ಅನ್ನುವುದು 20ರಿಂದ 45 ಡಿಗ್ರಿ ನೀರಿನಲ್ಲಿ ಬೆಳೆಯುತ್ತದೆ. ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಸಣ್ಣ ಹನಿಯಾಗಿ ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ತರುತ್ತದೆ. 1989ರಲ್ಲಿ ಅಮೆರಿಕದ ಲೂಯಿಸಿಯಾನಾದ ಬೊಗಲೂಸಾ ಎಂಬ ಊರಲ್ಲಿ ಜನ ಹೀಗೇ ಕಾಯಿಲೆ ಬಿದ್ದರು. ದಿನಸಿ ಅಂಗಡಿಯೊಂದರಲ್ಲಿ ತರಕಾರಿ ಮೇಲೆ ಮಂಜು ಬಿಡುವ ಯಂತ್ರದಿಂದ ಅದು ಹರಡಿತ್ತು. ವಯಸ್ಸಾದವರು, ಉಬ್ಬಸ ಇರುವವರು ಕೂರುವ ಜಾಗವಾದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಿನವೂ ಮುಗಿದ ಮೇಲೆ ಪೈಪು ಖಾಲಿ ಮಾಡಿ. ವಾರ ಬಿಟ್ಟು ಹಾಕುವಾಗ ಕೊನೆಯ ಮುಚ್ಚಳ ತೆಗೆದು, ಯಾರೂ ಹತ್ತಿರ ಇಲ್ಲದಾಗ ಎರಡು ಮೂರು ನಿಮಿಷ ಹರಿಸಿಬಿಡಿ. ಬೆಳಕು ಹಾಯುವ ಬಿಳಿ ಪೈಪಿನಲ್ಲಿ ಪಾಚಿ ಬೇಗ ಹಿಡಿಯುತ್ತದೆ, ಕಪ್ಪು ಪೈಪೇ ಮೇಲು.

ಕೆಳಗೆ ನೀರು ನಿಲ್ಲುವ ತಗ್ಗು, ಕುಂಡದ ತಟ್ಟೆ ಇದ್ದರೆ ಡೆಂಗಿ ಸೊಳ್ಳೆಗೆ ಒಂದು ವಾರ, ಹತ್ತು ದಿನ ಸಾಕು. ಶನಿವಾರ ಶನಿವಾರ ತಟ್ಟೆಗಳನ್ನು ಬೋರಲು ಹಾಕುವುದು ನಮ್ಮ ಮನೆಯಲ್ಲಿ ಅಮ್ಮನ ಕೆಲಸ. ಅವರು ಮರೆಯುವುದಿಲ್ಲ, ನಾನು ಮರೆಯುತ್ತೇನೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎಲ್ಲಾ ಬಿಚ್ಚಿಬಿಡಿ. ನಾಝಲ್‌ಗಳಿಗೆ ಒಂದು ನಿಂಬೆ ಉಪ್ಪಿನ ಸ್ನಾನ ಮಾಡಿಸಿ, ಒಣಗಿಸಿ, ಡಬ್ಬಿಯಲ್ಲಿ ಹಾಕಿ. ಪಂಪಿನ ನೀರು ಪೂರ್ತಿ ಇಳಿಸಿ. ಪೈಪಿನ ತುದಿಗಳಿಗೆ ಬಟ್ಟೆ ಕಟ್ಟಿಡಿ. ಒಂದು ವರ್ಷ ಕಟ್ಟದೆ ಇಟ್ಟಿದ್ದೆ, ಮಾರ್ಚ್‌ನಲ್ಲಿ ತೆಗೆದು ನೋಡಿದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ತೆಗೆಯಲು ಒಂದು ಇಡೀ ಭಾನುವಾರ ಹೋಯಿತು.